ಹೊರಗೆ ಕೊಟ್ಟ ಕೆಲಸ

ಬಟ್ಟೆ ಒಗೆಯುವ ಅಂಗಡಿಯ ಪಕ್ಕದಲ್ಲಿ ಹದಿನೇಳು ಮೆಟ್ಟಿಲು ಹತ್ತಿದರೆ ಎಡಕ್ಕೆ ಎರಡು ಕೋಣೆ. ಅದೇ ಟೈಲರಕ್ಕನ ಮನೆ, ಅದೇ ಅಂಗಡಿ. ಆಕೆಗಿಂತ ಹತ್ತು ವರ್ಷ ದೊಡ್ಡವರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿದಂತೆ ಹೊಲಿಗೆ ಯಂತ್ರ, ಅದರ ಬಲಕ್ಕೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎದುರು ಗೋಡೆಗೆ ನಿಲುವುಗನ್ನಡಿ. ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ ಎಲ್ಲ. ಕೆಳಗಿನ ಅಂಗಡಿಯ ಇಸ್ತ್ರಿಯ ಆವಿ ನೆಲದ ಹಲಗೆಗಳ ಸಂದಿನಿಂದ ನುಸುಳಿ ಬಂದು ಚಳಿಗಾಲದಲ್ಲಿ ಪಾದ ಬೆಚ್ಚಗಿಡುತ್ತಿತ್ತು. ಬೇಸಿಗೆಯಲ್ಲಿ ಅದೇ ಆವಿ ಜೀವ ಹಿಂಡುತ್ತಿತ್ತು.

ಕೋಟು ಹೊಲಿಯುವುದರಲ್ಲಿ ಆಕೆಯನ್ನು ಮೀರಿಸುವವರು ಆ ಭಾಗದಲ್ಲಿ ಯಾರೂ ಇರಲಿಲ್ಲ. ಒಂದು ಭುಜ ತಗ್ಗಿದವರು, ಬೆನ್ನು ಗೂನಾದವರು, ಹೊಟ್ಟೆ ಮುಂದೆ ಬಂದವರು ಎಲ್ಲರೂ ಆಕೆಯ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ತಮಗೆ ತಾವೇ ನಮಸ್ಕಾರ ಹೇಳುವ ಹಾಗೆ ಕಾಣುತ್ತಿದ್ದರು. "ಬಟ್ಟೆ ಇರಲಿ ಟೈಲರಕ್ಕ, ಈ ಕನ್ನಡಿ ಎಲ್ಲಿ ಸಿಕ್ಕಿತು ಹೇಳಿ. ನಮ್ಮನೇಲೂ ಒಂದು ತೂಗುಹಾಕ್ತೀನಿ" ಎಂದು ನ್ಯಾಯಾಲಯದ ಗುಮಾಸ್ತನೊಬ್ಬ ಪ್ರತಿ ಸಲವೂ ಹೇಳುತ್ತಿದ್ದ. ಆಕೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದಳು.

ಗಂಡ ಕಟ್ಟಡವೊಂದರ ಸಾರುವೆಯಿಂದ ಬಿದ್ದು ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಅದಕ್ಕೂ ಮೊದಲೇ, ಹದಿನಾಲ್ಕನೇ ತಿಂಗಳಲ್ಲಿ, ಜ್ವರ ನೆತ್ತಿಗೇರಿ ಆ ಮಗುವಿನ ಕಿವಿ ಎರಡೂ ಹೋಗಿದ್ದವು. ಗಲ್ಲದ ಮೇಲೊಂದು ಮಚ್ಚೆ ಇದ್ದುದರಿಂದ ಅವಳನ್ನು ಚುಕ್ಕಿ ಎನ್ನುತ್ತಿದ್ದರು. ಆ ಹೆಸರನ್ನು ಅವಳು ಒಮ್ಮೆಯೂ ಕೇಳಿದವಳಲ್ಲ. ಅವಳನ್ನು ಕರೆಯಬೇಕಾದರೆ ನೆಲದ ಹಲಗೆಯನ್ನು ಕಾಲಿನಿಂದ ಎರಡು ಸಲ ಬಡಿಯುತ್ತಿದ್ದರು. ಅವಳು ತಿರುಗಿ ನೋಡುತ್ತಿದ್ದಳು. ಕೆಳಗಿನ ಇಸ್ತ್ರಿಯವನೂ ತಲೆಯೆತ್ತಿ, "ಬಂದೆ ಬಂದೆ" ಎಂದು ತಮಾಷೆಗೆ ಕೂಗುತ್ತಿದ್ದ.

ಮನೆಯಲ್ಲಿ ಮೂರನೆಯವಳು ಟೈಲರಕ್ಕನ ತಂಗಿ. ಭಾವ ಹೋದ ಮೇಲೆ ಅಕ್ಕನ ಜೊತೆಗಿರಲು ಬಂದವಳು ಇಲ್ಲೇ ಉಳಿದಿದ್ದಳು. ಕಿವಿ ಕೇಳದ ಮಕ್ಕಳ ಶಾಲೆ ನದಿಯಾಚೆ ಇತ್ತು. ಎರಡು ಬಸ್ಸು ಬದಲಿಸಬೇಕು. ಮೊದಲ ಎರಡು ವರ್ಷ ಮನೆಯವರೊಬ್ಬರು ಮಗುವಿನ ಜೊತೆ ತರಗತಿಯಲ್ಲೇ ಕೂರಬೇಕೆಂದು ಶಾಲೆಯವರು ಹೇಳಿದಾಗ ಟೈಲರಕ್ಕ ತಲೆ ಮೇಲೆ ಕೈಹೊತ್ತು ಕೂತಳು.

"ನಾನು ಹೋಗಿ ಕೂತ್ರೆ ಯಂತ್ರ ಯಾರು ತುಳೀತಾರೆ?"

"ನಾನಿಲ್ವಾ ಅಕ್ಕ? ನಾನು ಹೋಗ್ತೀನಿ ಬಿಡು" ಎಂದಳು ತಂಗಿ.

ಹಾಗೆ ತಂಗಿ ಹಿಂದಿನ ಬೆಂಚಿನಲ್ಲಿ ಎರಡು ವರ್ಷ ಕೂತು ಮಕ್ಕಳ ಜೊತೆ ತಾನೂ ಸನ್ನೆಯ ಭಾಷೆ ಕಲಿತಳು. ಚಿಕ್ಕಮ್ಮನೂ ಮಗುವೂ ಊಟದ ತಟ್ಟೆಯ ಮುಂದೆ ಕೂತು ಕೈಯಾಡಿಸುತ್ತ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರೆ ಟೈಲರಕ್ಕ, "ಏನಂತೆ? ಏನಂತೆ?" ಎಂದು ಕೇಳುತ್ತಿದ್ದಳು. ಆಕೆಗೆ ಬರುತ್ತಿದ್ದದ್ದು ಇಪ್ಪತ್ತೋ ಇಪ್ಪತ್ತೈದೋ ಸನ್ನೆ. ಬಾ, ಉಣ್ಣು, ಮಲಗು, ಬೇಡ, ಸಾಕು, ತಾಳು. ಅದರಲ್ಲೂ ಹೆಚ್ಚು ಬಳಕೆಯಾಗುತ್ತಿದ್ದದ್ದು ತಾಳು.

ಮಗು ನಾಲ್ಕು ಗಂಟೆಗೆ ಶಾಲೆಯಿಂದ ಬಂದರೆ ಚೀಲವನ್ನು ಬಾಗಿಲಲ್ಲೇ ಬಿಸಾಡಿ, ಗಿಡ್ಡ ಮಣೆಯೊಂದನ್ನು ಎಳೆದುಕೊಂಡು ಅಮ್ಮನ ಪಕ್ಕ ಕೂತು, ಎಡ ಅಂಗೈಯನ್ನು ಯಂತ್ರದ ಹಲಗೆಯ ಮೇಲೆ ಊರುತ್ತಿದ್ದಳು. ಯಂತ್ರ ಓಡಿದಾಗ ಹಲಗೆ ನಡುಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಅಮ್ಮ ಹೊಲಿಯುತ್ತಿರುವುದು ಕೋಟಿನ ಬಟ್ಟೆಯೋ ಅಂಗಿಯ ಬಟ್ಟೆಯೋ ಎಂದು ಅವಳು ಹೇಳಬಲ್ಲಳು. ದಪ್ಪಗಿದ್ದರೆ ಕೆನ್ನೆ ಉಬ್ಬಿಸುತ್ತಿದ್ದಳು, ತೆಳುವಾಗಿದ್ದರೆ ಕೆನ್ನೆ ಒಳಗೆಳೆದುಕೊಳ್ಳುತ್ತಿದ್ದಳು. ಏಳನೇ ವಯಸ್ಸಿಗೆ ಅವಳಾಗಿಯೇ ಸೂಜಿ ಕೈಗೆತ್ತಿಕೊಂಡು ಅಮ್ಮನ ಮುಖ ನೋಡಿದಳು. ಟೈಲರಕ್ಕ ಗುಂಡಿ ಹಾಕುವುದನ್ನು ತೋರಿಸಿಕೊಟ್ಟಳು. ನಾಲ್ಕು ತೂತಿನ ಗುಂಡಿಗೆ ಅಡ್ಡ ಎಷ್ಟು ಎಳೆ, ಬಟ್ಟೆಗೂ ಗುಂಡಿಗೂ ನಡುವೆ ಎಷ್ಟು ಸಡಿಲ, ಕೊನೆಗೆ ದಾರವನ್ನು ಗುಂಡಿಯ ಬುಡಕ್ಕೆ ಎಷ್ಟು ಸುತ್ತು ಎಂಬುದನ್ನೆಲ್ಲ ಕೈಹಿಡಿದು ಹೇಳಿಕೊಟ್ಟಳು. ಅವಳು ಹಾಕಿದ ಗುಂಡಿಯನ್ನು ಟೈಲರಕ್ಕ ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡುತ್ತಿದ್ದಳು. ಕಿತ್ತು ಬರದಿದ್ದರೆ ಮೆಚ್ಚಿ ಹುಬ್ಬೇರಿಸುತ್ತಿದ್ದಳು. ಓರೆಯಾಗಿದ್ದರೆ ಚಕ್ಕನೆ ದಾರ ಕತ್ತರಿಸಿ ವಾಪಸು ಕೊಡುತ್ತಿದ್ದಳು. ಚುಕ್ಕಿ ಹಲ್ಲು ಕಿರಿದು ಮತ್ತೆ ಶುರುಮಾಡುತ್ತಿದ್ದಳು. ದೀಪ ಹಚ್ಚುವವರೆಗೆ ಹೀಗೇ ಸಾಗುತ್ತಿತ್ತು. ಗುಂಡಿಯ ಡಬ್ಬಿಗಳು ಒಟ್ಟು ಒಂಬತ್ತು. ಯಾವ ಡಬ್ಬಿಯಲ್ಲಿ ಯಾವ ಬಣ್ಣವೆಂದು ಟೈಲರಕ್ಕನಿಗಿಂತ ಚುಕ್ಕಿಗೇ ಚೆನ್ನಾಗಿ ಗೊತ್ತಿತ್ತು.

ಒಂದು ಸಲ ಸಮವಸ್ತ್ರ ಹೊಲಿಸಲು ಬಂದ ಶಿಕ್ಷಕಿಯೊಬ್ಬರು ಮೂಗು ಮುರಿದರು. "ಪಾಪ, ಇಷ್ಟು ಪುಟ್ಟ ಕೈಗೆ ಸೂಜಿ ಕೊಟ್ಟಿದ್ದೀರಲ್ಲಾ! ಆಡೋ ವಯಸ್ಸಲ್ವೇ ಇದು?" ಟೈಲರಕ್ಕ ಸಮವಸ್ತ್ರದ ಲೆಕ್ಕ ಬರೆದುಕೊಂಡಳು. ಆದರೆ ಆ ಮಾತು ಉಗುರಿನ ಸಂದಿಗೆ ಸಿಕ್ಕ ಸಿಬಿರಿನ ಹಾಗೆ ಒಳಗೇ ಉಳಿಯಿತು.

ಚುಕ್ಕಿಗೆ ಒಂಬತ್ತು ತುಂಬಿದ ವರ್ಷ ತಂಗಿಗೆ ಮದುವೆಯಾಯಿತು. ಗಂಡು ಲಿಫ್ಟು ರಿಪೇರಿ ಮಾಡುವವನು, ಒಳ್ಳೆಯವನು, ಆದರೆ ಅವನ ಊರಿಗೆ ರೈಲಿನಲ್ಲಿ ಹತ್ತು ಗಂಟೆಯ ದಾರಿ. ತಂಗಿ ಹೊರಟ ವಾರಕ್ಕೆ ಒಂದು ಸಂಜೆ ಚುಕ್ಕಿ ಶಾಲೆಯ ವ್ಯಾನಿನಿಂದ ಇಳಿದು ಮೆಟ್ಟಿಲು ಹತ್ತಿ ಬಂದವಳೇ ಅಮ್ಮನ ಮುಂದೆ ನಿಂತು ಕೈಯಾಡಿಸತೊಡಗಿದಳು. ಮುಖವೆಲ್ಲ ಕೆಂಪು, ಕಣ್ಣಲ್ಲಿ ನೀರು. ಐದು ನಿಮಿಷ ಬಿಡದೆ ಹೇಳಿದಳು. ಟೈಲರಕ್ಕನಿಗೆ ಗೊತ್ತಾದದ್ದು ಎರಡೇ ಎರಡು, ಇಲ್ಲ ಮತ್ತು ಹೋಯಿತು. ಏನು ಇಲ್ಲ? ಏನು ಹೋಯಿತು? ಪುಸ್ತಕವೇ? ಹಲ್ಲೇ? ಆಕೆ ಮಗಳ ಬಾಯಿ ತೆರೆಸಿ ನೋಡಿದಳು, ಚೀಲ ಬಗ್ಗಿಸಿ ನೋಡಿದಳು. ಚುಕ್ಕಿ ಸಿಟ್ಟಿನಿಂದ ಚೀಲವನ್ನು ಕಾಲಿನಿಂದ ಒದ್ದಳು. ಕೊನೆಗೆ ತಂಗಿಗೆ ವಿಡಿಯೋ ಕರೆ ಮಾಡಬೇಕಾಯಿತು. ತಂಗಿ ಸನ್ನೆಗಳನ್ನು ನೋಡಿಕೊಂಡು ಹೇಳಿದಳು. "ಅವಳ ಪಕ್ಕ ಕೂರೋ ಗೆಳತಿ ಬೇರೆ ಊರಿಗೆ ಹೊರಟುಹೋದ್ಲಂತೆ ಅಕ್ಕ. ಹೇಳದೇನೆ ಹೋದ್ಲಂತೆ. ಬೆಂಚು ಖಾಲಿ ಇತ್ತಂತೆ."

ಇಷ್ಟೇ ಸುದ್ದಿ. ಅದು ಅಮ್ಮನಿಂದ ಎರಡು ಮೊಳ ದೂರದಲ್ಲಿ ನಿಂತ ಮಗುವಿನಿಂದ ಹತ್ತು ಗಂಟೆ ದಾರಿಯಾಚೆಯ ಊರಿಗೆ ಹೋಗಿ ವಾಪಸು ಬರಬೇಕಾಗಿತ್ತು. ಆ ದಿನ ಟೈಲರಕ್ಕ ಹೊಲಿಗೆಗೆ ಕೂರಲಿಲ್ಲ.

ಮರುದಿನವೇ ಶಾಲೆಗೆ ಹೋಗಿ ವಿಚಾರಿಸಿದಳು. ತಂದೆತಾಯಿಗಳಿಗೆಂದು ವಾರಕ್ಕೆ ಮೂರು ಸಂಜೆ ಸನ್ನೆಯ ಪಾಠವಿತ್ತು, ಐದರಿಂದ ಏಳು. ಅದರ ಮೇಲೆ ಮನೆಯಲ್ಲಿ ದಿನವೂ ಒಂದು ಗಂಟೆಯಾದರೂ ಮಗುವಿನ ಜೊತೆ ಮಾತಾಡಬೇಕು. ಎಲ್ಲಿಂದ ತರುವುದು ಆ ಹೊತ್ತನ್ನು? ಉಸಿರಾಡಲು ಪುರುಸೊತ್ತಿಲ್ಲದ ಹೆಂಗಸು ಆಕೆ.

ದಾರಿ ತೋರಿಸಿದವಳು ಕೋಟಿನ ಅಳತೆ ನೋಡಲು ಬಂದ ಒಬ್ಬ ಆಫೀಸಿನಮ್ಮ. ನಲವತ್ತು ಜನರ ಕಚೇರಿ ನಡೆಸುವವಳು. ತೋಳು ಚಾಚಿ ನಿಂತೇ ಎಲ್ಲ ಕೇಳಿಸಿಕೊಂಡಳು.

"ಒಂದು ಕೆಲಸ ಮಾಡಿ ಅಕ್ಕ. ಬೆಳಗಿಂದ ಸಂಜೆವರೆಗೆ ಏನೇನು ಮಾಡ್ತೀರೋ ಎಲ್ಲಾ ಬರೀರಿ. ಬೇರೆಯವರು ಮಾಡಬಹುದಾದದ್ದಕ್ಕೆಲ್ಲ ಗೀಟು ಹಾಕಿ. ಅದನ್ನ ಹೊರಗೆ ಕೊಟ್ಟುಬಿಡಿ. ನಾನು ಹಾಗೇ ಮಾಡಿದ್ದು. ಈಗ ನೋಡಿ, ಮೂರು ಗಂಟೆಗೆ ಆರಾಮಾಗಿ ನಿಮ್ಮ ಮುಂದೆ ನಿಂತಿದ್ದೀನಿ."

"ಜನ ನನ್ನ ಕೈಕೆಲಸ ಅಂತ ಬರೋದು ಮೇಡಂ."

"ಎಲ್ಲಾನೂ ನೀವೇ ಮಾಡ್ಬೇಕು ಅಂದ್ರೆ ಹೇಗೆ? ಚಿಕ್ಕದರಿಂದ ಶುರುಮಾಡಿ."

ಟೈಲರಕ್ಕ ಅಚ್ಚು ಬರೆಯುವ ಕಂದು ಕಾಗದದ ತುಂಡಿನಲ್ಲಿ ಪಟ್ಟಿ ಮಾಡಿದಳು. ಎಲ್ಲಕ್ಕಿಂತ ಚಿಕ್ಕದು ಗುಂಡಿ. ಅದನ್ನು ಕೊಟ್ಟರೆ ಮಗುವಿನ ಕೈಗೂ ಬಿಡುವು. ಆ ಶಿಕ್ಷಕಿಯ ಬಾಯಿಗೂ ಬೀಗ. ಎದುರು ಬಾಗಿಲಿನಲ್ಲಿ ಕೆಲಸದಿಂದ ನಿವೃತ್ತಳಾದ ನರ್ಸಮ್ಮ ಒಬ್ಬಳೇ ಇದ್ದಳು, ಹೊತ್ತು ಹೋಗದೆ ಒದ್ದಾಡುತ್ತಿದ್ದಳು. "ಕೊಡಿ ಕೊಡಿ, ಎಷ್ಟು ಜನಕ್ಕೆ ಹೊಲಿಗೆ ಹಾಕಿದ್ದೀನಿ ಈ ಕೈಯಲ್ಲಿ" ಎಂದು ನಕ್ಕು ಒಪ್ಪಿಕೊಂಡಳು. ಸೋಮವಾರ ಮಧ್ಯಾಹ್ನ ಒಂಬತ್ತು ಡಬ್ಬಿಗಳೂ ಎದುರು ಮನೆ ಸೇರಿದವು.

ನಾಲ್ಕು ಗಂಟೆಗೆ ಚುಕ್ಕಿ ಬಂದಳು. ಚೀಲ ಬಿಸಾಡಿದಳು. ಮಣೆ ಎಳೆದುಕೊಂಡಳು. ಡಬ್ಬಿಗಳಿದ್ದ ಕಪಾಟಿನ ಕಡೆ ಕೈ ಚಾಚಿದವಳು ಅದು ಖಾಲಿಯಿರುವುದು ಕಂಡು ಹಾಗೇ ನಿಂತಳು. ಟೈಲರಕ್ಕ ಅಗಲವಾಗಿ ನಗುತ್ತ, ತನಗೆ ಬರುತ್ತಿದ್ದ ಸನ್ನೆಗಳನ್ನೆಲ್ಲ ಒಟ್ಟು ಮಾಡಿ ಹೇಳಿದಳು. ಸಾಕು. ಇನ್ನು ಕೆಲಸ ಇಲ್ಲ. ಓದು. ಆಡು. ಹೋಗು.

ಚುಕ್ಕಿ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟು ಒಳಗೆ ಹೋದಳು. ಎಷ್ಟು ಬೇಗ ಅರ್ಥ ಮಾಡಿಕೊಂಡಿತು ಮಗು ಎಂದು ಟೈಲರಕ್ಕನಿಗೆ ಹಿಗ್ಗಾಯಿತು.

ಮುಂದಿನ ವಾರ ಹಾಸಿಗೆ ಕೊಡವುವಾಗ ತನ್ನ ದಿಂಬಿನ ಕೆಳಗೆ ಒಂದು ಚಿಂದಿ ಬಟ್ಟೆ ಸಿಕ್ಕಿತು. ಹಳೆಯ ಅಂಗಿಯ ತುಂಡು. ಅದರ ಮೇಲೆ ಸಾಲಾಗಿ ಹನ್ನೊಂದು ಗುಂಡಿ. ಮಗು ಆಟಕ್ಕೆ ಏನೋ ಮಾಡಿಟ್ಟಿದೆ ಎಂದುಕೊಂಡು ಆಕೆ ಗುಂಡಿಗಳನ್ನು ಕತ್ತರಿಸಿ ತೆಗೆದು ನರ್ಸಮ್ಮನಿಗೆ ಕಳಿಸಿದಳು. ತುಂಡನ್ನು ನೆಲ ಒರೆಸಲು ಇಟ್ಟುಕೊಂಡಳು.

ಪಾಠಕ್ಕೆ ಹೋಗತೊಡಗಿದಳು. ಕಲಿಸುವ ಮೇಷ್ಟ್ರು ಹುಟ್ಟಿನಿಂದಲೇ ಕಿವಿ ಕೇಳದವರು, ಬಿಳಿ ಗಡ್ಡದ ಗಂಭೀರ ಮನುಷ್ಯ. ಹೊಸಬರಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಮೊದಲ ದಿನವೇ ಟೈಲರಕ್ಕನ ಕೈ ನೋಡಿ, "ನೀವಿನ್ನೂ ಟೇಪು ಹಿಡಿದುಕೊಂಡೇ ಇದ್ದೀರಿ. ಕೆಳಗಿಡಿ" ಎಂದು ಬರೆದರು. ಎಲ್ಲರೂ ನಕ್ಕರು. ಆಕೆಯ ಹೆಬ್ಬೆರಳು, ತೋರುಬೆರಳು ಸೂಜಿ ಹಿಡಿದು ಹಿಡಿದು ಬಾಗಿದ್ದವು, ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮನೆಗೆ ಬಂದು ಮಗಳ ಮುಂದೆ ಅಭ್ಯಾಸ ಮಾಡುವಾಗ ಎಡವಟ್ಟುಗಳಾಗುತ್ತಿದ್ದವು. ನಾಳೆ ನಿನಗೆ ಮೊಟ್ಟೆ ಬೇಯಿಸುತ್ತೇನೆ ಎನ್ನಲು ಹೋಗಿ ನಾಳೆ ನಿನ್ನನ್ನು ಬೇಯಿಸುತ್ತೇನೆ ಎಂದಳು. ಚುಕ್ಕಿ ಆ ದಿನ ನಕ್ಕಳು. ಎಷ್ಟೋ ವಾರಗಳ ಮೇಲೆ ನಕ್ಕಿದ್ದಳು. ಆ ನಗುವಿನ ಆಸೆಗೆ ಟೈಲರಕ್ಕ ಮರುದಿನ ಬೇಕೆಂದೇ ಅದೇ ತಪ್ಪು ಮಾಡಿದಳು. ಚುಕ್ಕಿ ಕಣ್ಣು ತಿರುಗಿಸಿ ಅಮ್ಮನ ಬೆರಳನ್ನು ಸರಿಪಡಿಸಿ ಪುಸ್ತಕಕ್ಕೆ ಮರಳಿದಳು.

ಇನ್ನೂ ಹೊತ್ತು ಬೇಕು ಎನ್ನಿಸಿತು ಆಕೆಗೆ. ಗುಂಡಿಯ ಹಿಂದೆಯೇ ಗುಂಡಿ ತೂರುವ ಕಾಜ ಹೋಯಿತು, ಅಂಚು ಮಡಚುವುದು ಹೋಯಿತು. ಇಸ್ತ್ರಿ ಕೆಳಗಿನ ಅಂಗಡಿಗೆ ಹೋಯಿತು. ಗಿರಾಕಿಗಳ ಫೋನಿಗೆ ಉತ್ತರಿಸಿ ದಿನ ಗೊತ್ತುಮಾಡುವುದನ್ನು ನರ್ಸಮ್ಮನ ಸೊಸೆ ತನ್ನ ಮನೆಯಿಂದಲೇ ವಹಿಸಿಕೊಂಡಳು. ಸಮವಸ್ತ್ರಗಳು ಹಿಂದಿನ ಬೀದಿಯ ಇಬ್ಬರು ಹೆಂಗಸರ ಪಾಲಾದವು. ಕೊನೆಗೆ ಉಳಿದದ್ದು ಬಟ್ಟೆ ಕತ್ತರಿಸುವುದು ಮತ್ತು ಕೋಟು. ಅದಕ್ಕೂ ಒಬ್ಬ ಕಟಿಂಗ್ ಮಾಸ್ಟರ್ ಸಿಕ್ಕಿದ. ಮಾತೆತ್ತಿದರೆ "ಬಿಡಿ ಅಕ್ಕ, ನಾನಿದ್ದೀನಲ್ಲ" ಎನ್ನುವವನು. ತಾನು ಅಳತೆ ತೆಗೆದ ಬಟ್ಟೆಯಲ್ಲಿ ಬೇರೊಬ್ಬರ ಕತ್ತರಿ ಓಡುವ ಸದ್ದು ಮೊದಲ ಸಲ ಕೇಳಿದಾಗ ಟೈಲರಕ್ಕ ಎದ್ದು ಅಡುಗೆಯ ಕಡೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತಳು. ಎರಡು ವರ್ಷ ಕಳೆಯುವಷ್ಟರಲ್ಲಿ ಯಂತ್ರವೂ ಅವನ ಶೆಡ್ಡಿಗೆ ಸಾಗಿತು. ಅದರ ಜಾಗದಲ್ಲಿ ಒಂದು ಸೋಫಾ ಬಂತು, ತಾಯಿ ಮಗಳು ಎದುರುಬದುರು ಕೂತು ಮಾತಾಡಲು.

ಅಷ್ಟು ಹೊತ್ತಿಗೆ ಚುಕ್ಕಿಗೆ ಹನ್ನೊಂದು ದಾಟಿತ್ತು. ಅವಳು ಸೋಫಾದಲ್ಲಿ ಮಂಡಿ ಮಡಚಿ ಕೂತು ಫೋನನ್ನು ಎದುರಿಗಿಟ್ಟುಕೊಂಡು ಚಿಕ್ಕಮ್ಮನ ಜೊತೆ ಮಾತಾಡುತ್ತಿದ್ದಳು. ಕೈಗಳು ಹಕ್ಕಿಯ ರೆಕ್ಕೆಯ ಹಾಗೆ ಓಡುತ್ತಿದ್ದವು. ಟೈಲರಕ್ಕ ಎದುರು ಕುರ್ಚಿಯಲ್ಲಿ ಚಹಾದ ಲೋಟ ಹಿಡಿದು ಕೂತು ಆ ವೇಗದಲ್ಲಿ ಎಲ್ಲಾದರೂ ಒಂದು ಗೊತ್ತಿರುವ ಸನ್ನೆ ಸಿಕ್ಕೀತೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಮಗಳಿಗೆ ಇದು ಗೊತ್ತಾಯಿತು. ಫೋನನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಬೆನ್ನು ಮಾಡಿ ಕೂತಳು.

"ಇಷ್ಟೆಲ್ಲಾ ಬಿಟ್ಟುಕೊಟ್ಟೆ ಕಣೇ, ಇವಳು ನನ್ನ ಹತ್ರ ಬಾಯೇ ಬಿಡಲ್ಲ" ಎಂದು ಆಕೆ ಒಂದು ದಿನ ತಂಗಿಗೆ ಹೇಳಿ, ತಾನಾಡಿದ ಮಾತಿಗೆ ತಾನೇ ನಕ್ಕುಬಿಟ್ಟಳು.

ತಂಗಿ ನಗಲಿಲ್ಲ. "ನೀನು ಒಂದೊಂದೇ ಸನ್ನೆ ಹುಡುಕ್ತಾ ಕೂತ್ರೆ ಅವಳಿಗೆ ತಾಳ್ಮೆ ಇರಲ್ಲ ಅಕ್ಕ. ವಯಸ್ಸು ಹಾಗಿದೆ. ಸ್ವಲ್ಪ ತಡ್ಕೋ."

ಟೈಲರಕ್ಕ ತಡೆದುಕೊಂಡಳು. ಆದರೆ ಹದಿಮೂರಕ್ಕೆ ಚುಕ್ಕಿ ಹೊರಟಳು. ನದಿಯಾಚೆಯ ಶಾಲೆಯಲ್ಲಿ ಮುಂದಿನ ತರಗತಿಗಳಿರಲಿಲ್ಲ. ಸನ್ನೆಯಲ್ಲೇ ಎಲ್ಲ ಪಾಠ ಹೇಳುವ ಒಳ್ಳೆಯ ಶಾಲೆ ಚಿಕ್ಕಮ್ಮನ ಊರಿನ ಹತ್ತಿರವಿತ್ತು, ವಸತಿಯೂ ಅಲ್ಲೇ. ಹೋಗುವೆಯಾ ಎಂದು ಕೇಳುವ ಮೊದಲೇ ಚುಕ್ಕಿ ತಲೆಯಾಡಿಸಿದಳು. ಹೊರಡುವ ಮುನ್ನ ಟೈಲರಕ್ಕ ಅವಳಿಗೊಂದು ಕೋಟು ಹೊಲಿಯಬೇಕೆಂದುಕೊಂಡು ಮಾಸ್ಟರನ ಶೆಡ್ಡಿಗೆ ಹೋಗಿ ತನ್ನ ಯಂತ್ರದ ಮುಂದೆ ಕೂತಳು. ಅವನು ಬೇರೆ ಸೂಜಿ ಹಾಕಿದ್ದ, ಪೆಡಲು ಬಿಗಿ ಮಾಡಿದ್ದ. ಕೋಟೇನೋ ಆಯಿತು. ತೋಳು ಮಾತ್ರ ಸ್ವಲ್ಪ ಎಳೆಯುತ್ತಿತ್ತು. ಚುಕ್ಕಿ ಅದನ್ನೇ ತೊಟ್ಟುಕೊಂಡು ಹೋದಳು.

ಈಗ ಟೈಲರಕ್ಕನಿಗೆ ಬೇಕಾದಷ್ಟು ಹೊತ್ತು. ಬೆಳಿಗ್ಗೆ ಹತ್ತಕ್ಕೆ ಅಳತೆ ತೆಗೆದರೆ ಕೆಲಸ ಮುಗಿಯಿತು. ಗಿರಾಕಿಗಳು, "ಅದೃಷ್ಟವಂತರು ನೀವು, ಕೂತಲ್ಲೇ ಎಲ್ಲ ನಡೆಯುತ್ತೆ" ಎನ್ನುತ್ತಿದ್ದರು. ಎಲ್ಲ ಬಿಡುವಿನ ನಡುವೆಯೂ ಆಕೆ ತಪ್ಪಿಸದೆ ಹೋಗುತ್ತಿದ್ದದ್ದು ಸನ್ನೆಯ ಪಾಠಕ್ಕೆ. ಮೇಷ್ಟ್ರು ಒಮ್ಮೆ ಕೇಳಿದರು, ಮಗಳು ಇಲ್ಲಿಲ್ಲವಲ್ಲ, ಇನ್ನೂ ಯಾಕೆ ಬರುತ್ತೀರಿ? "ರಜೆಗೆ ಬರ್ತಾಳಲ್ಲ ಸರ್" ಎಂದಳು ಆಕೆ ಕೈಯಲ್ಲೇ. ಅದು ಒಂದು ತಪ್ಪೂ ಇಲ್ಲದ ವಾಕ್ಯವಾಗಿತ್ತು. ಮೇಷ್ಟ್ರು ಮೇಜು ತಟ್ಟಿ ಮೆಚ್ಚಿದರು.

ರಜೆಗಳು ಬಂದವು, ಹೋದವು. ಚುಕ್ಕಿ ಎತ್ತರವಾದಳು. ಅಮ್ಮನಿಗೆ ಸನ್ನೆ ಚೆನ್ನಾಗಿ ಬರುವುದನ್ನು ಕಂಡು ಅವಳಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಇಬ್ಬರೂ ಮಾತಾಡುತ್ತಿದ್ದರು. ಊಟ ಹೇಗಿದೆ, ಪರೀಕ್ಷೆ ಯಾವಾಗ, ಶೀತ ಕಡಿಮೆಯಾಯಿತೇ, ಇಷ್ಟೆ. ದೂರದ ಬಂಧುಗಳು ಆಡಿಕೊಳ್ಳುವ ಮಾತು. ಓದು ಮುಗಿಸಿ ಅವಳು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲೇ ಗೆಳತಿಯರ ಜೊತೆ ಕೋಣೆ ಮಾಡಿಕೊಂಡಳು.

ಟೈಲರಕ್ಕನ ಬಲಗಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾದಾಗ ಚುಕ್ಕಿಗೆ ಇಪ್ಪತ್ತೆರಡು. ನಾಲ್ಕು ದಿನ ರಜೆ ಹಾಕಿ ಬಂದಳು. ಎರಡೆರಡು ಗಂಟೆಗೊಮ್ಮೆ ಕಣ್ಣಿಗೆ ಹನಿ ಹಾಕಬೇಕಿತ್ತು. ಅಡುಗೆಯ ಮೇಜಿನ ಮೇಲೆ ಗಡಿಯಾರ, ಹತ್ತಿ, ಔಷಧಿಯ ಸೀಸೆ ಜೋಡಿಸಿಟ್ಟುಕೊಂಡು ಅಮ್ಮನ ಎದುರು ಕೂತಿರುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಮಾತು ಹೇಗೋ ಹಳೆಯ ದಿನಗಳಿಗೆ ಹೊರಳಿತು. ಕೆಳಗಿನ ಇಸ್ತ್ರಿಯವನ ತಮಾಷೆ, ಬೇಯಿಸಿದ ಮೊಟ್ಟೆಯ ತಮಾಷೆ. ಇಬ್ಬರೂ ನಕ್ಕರು. ಆ ನಗುವಿನ ಧೈರ್ಯದಲ್ಲಿ ಟೈಲರಕ್ಕ ಕೇಳಿದಳು.

"ಒಂದು ಮಾತು ಕೇಳ್ಲಾ? ಒಂಬತ್ತು ವರ್ಷದವಳಿದ್ದಾಗ ನೀನು ಇದ್ದಕ್ಕಿದ್ದಂಗೆ ಮಂಕಾದೆ. ಚಿಕ್ಕಮ್ಮ ಹೋದ್ಲು ಅಂತ ತಾನೆ?"

"ಚಿಕ್ಕಮ್ಮನಾ? ಅಲ್ಲ." ಚುಕ್ಕಿ ತನ್ನ ಅಂಗಿಯ ಎದೆಯ ಮೇಲಿನ ಗುಂಡಿಯನ್ನು ಮುಟ್ಟಿ ತೋರಿಸಿದಳು. "ಇದಕ್ಕೆ."

ಟೈಲರಕ್ಕನಿಗೆ ಅರ್ಥವಾಗಲಿಲ್ಲ. ತನಗೆ ಗೊತ್ತಿಲ್ಲದ ಸನ್ನೆ ಇರಬೇಕು ಎಂದುಕೊಂಡು ಮತ್ತೊಮ್ಮೆ ಹೇಳು ಎಂದಳು.

ಚುಕ್ಕಿ ನಿಧಾನವಾಗಿ ಹೇಳಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಯಾರದೋ ಸುದ್ದಿ ಹೇಳುವವಳಂತೆ ಇದ್ದಳು. "ಹಿಂದಿನ ದಿನ ಒಂದು ಬೂದು ಕೋಟಿಗೆ ಗುಂಡಿ ಓರೆಯಾಗಿ ಹಾಕಿದ್ದೆ. ನೀನು ಬಿಚ್ಚಿ ವಾಪಸ್ ಕೊಟ್ಟೆ. ಮತ್ತೆ ಹಾಕ್ದೆ, ಮತ್ತೆ ಓರೆ. ನೀನೇ ಹಾಕ್ಕೊಂಡೆ. ಮಾರನೇ ದಿನ ಬಂದ್ರೆ ಡಬ್ಬಿಗಳೇ ಇಲ್ಲ. ಎದುರು ಮನೆ ಬಾಗಿಲು ತೆಗೆದಿತ್ತು, ಆ ನರ್ಸಜ್ಜಿ ನನ್ನ ಡಬ್ಬಿ ತೊಡೆ ಮೇಲಿಟ್ಕೊಂಡು ಕೂತಿದ್ರು. ನೀನು ನಗ್ತಾ ಹೇಳ್ದೆ, ಸಾಕು, ಕೆಲಸ ಇಲ್ಲ, ಹೋಗು ಅಂತ. ನನ್ನ ಕೆಲಸ ಸರಿಯಿಲ್ಲ, ಅದಕ್ಕೆ ತೆಗೆದುಹಾಕಿದ್ಲು ಅಮ್ಮ ಅಂದ್ಕೊಂಡೆ."

ಟೈಲರಕ್ಕನ ಕೈಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು.

"ಇನ್ಮೇಲೆ ಚೆನ್ನಾಗಿ ಹಾಕ್ತೀನಿ ಅಂತ ಹೇಳ್ಬೇಕಿತ್ತು. ಹೇಳಿದ್ರೆ ನಿನಗೆ ತಿಳೀತಿರ್ಲಿಲ್ಲ. ಚಿಕ್ಕಮ್ಮನಿಗೆ ಹೇಳೋಕೆ ನಾಚಿಕೆ. ಅದಕ್ಕೆ ಒಂದು ಹಳೆ ಬಟ್ಟೆ ಮೇಲೆ ಹಾಕಿ ಹಾಕಿ ಅಭ್ಯಾಸ ಮಾಡ್ದೆ. ಒಂದೂ ಓರೆ ಇರ್ಲಿಲ್ಲ. ನೀನು ನೋಡ್ಲಿ ಅಂತ ನಿನ್ನ ದಿಂಬಿನ ಕೆಳಗಿಟ್ಟೆ." ಚುಕ್ಕಿ ಭುಜ ಕುಣಿಸಿದಳು. "ನೀನು ಏನೂ ಅನ್ನಲಿಲ್ಲ. ಬಟ್ಟೆ ನೆಲ ಒರೆಸೋ ಬಕೆಟ್‌ನಲ್ಲಿತ್ತು."

ಹನ್ನೊಂದು ಗುಂಡಿ. ಒಂದೊಂದನ್ನೂ ತಾನು ಕತ್ತರಿಯ ತುದಿ ತೂರಿಸಿ ತೆಗೆದದ್ದು, ದಾರ ಬಿಗಿಯಾಗಿದ್ದರಿಂದ ಎರಡೆರಡು ಸಲ ಕತ್ತರಿಸಬೇಕಾಗಿ ಬಂದದ್ದು ಟೈಲರಕ್ಕನಿಗೆ ಈಗ ನೆನಪಾಯಿತು. ಆಕೆ ಗಡಿಬಿಡಿಯಲ್ಲಿ ಕೈಯೆತ್ತಿದಳು. ಹದಿಮೂರು ವರ್ಷ ಕಲಿತ ಭಾಷೆ ಬೆರಳಲ್ಲಿ ತೊಡರಿತು.

"ಹಾಗಲ್ಲ ಮಗಳೇ, ಹಾಗಲ್ಲ. ನಿನಗೋಸ್ಕರ ಕೊಟ್ಟೆ. ನಿನ್ನ ಹತ್ರ ಮಾತಾಡೋಕೆ ನನಗೆ ಹೊತ್ತು ಬೇಕಿತ್ತು. ಬರೀ ಅದಕ್ಕೇ. ಎಲ್ಲಾನೂ ಅದಕ್ಕೇ ಕೊಟ್ಟಿದ್ದು."

ಚುಕ್ಕಿ ಅಮ್ಮನ ಕೈಗಳನ್ನೇ ನೋಡುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು. "ಆಗ ನಾವು ಮಾತಾಡ್ತಿರಲಿಲ್ವಾ?"

ಟೈಲರಕ್ಕನ ಕಣ್ಣು ತುಂಬಿತು. ಚುಕ್ಕಿ ತಟ್ಟನೆ ಎದ್ದು ಬಂದು ಹತ್ತಿ ತೆಗೆದುಕೊಂಡು ಶಸ್ತ್ರಚಿಕಿತ್ಸೆಯಾದ ಕಣ್ಣಿನ ಕೆಳಗೆ ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಹೇಳಿದಳು. "ಅಳಬಾರದು ಅಂದಿದ್ದಾರೆ ಡಾಕ್ಟ್ರು. ಬಿಡಮ್ಮ, ಹಳೇ ಕಥೆ. ನಾನೂ ಚಿಕ್ಕವಳು, ನೀನೂ ಒಬ್ಬಳೇ." ಆಮೇಲೆ ಗಡಿಯಾರ ನೋಡಿ, ಅಮ್ಮನ ತಲೆ ಹಿಂದಕ್ಕೆ ಬಾಗಿಸಿ, ಹನಿ ಹಾಕಿದಳು.

ಅದಾದ ಮೇಲೆ ಆ ಮಾತು ಬರಲಿಲ್ಲ. ಟೈಲರಕ್ಕ ತಾನೇ ಎತ್ತಬೇಕೆಂದು ಎರಡು ಮೂರು ಸಲ ಕೈಯೆತ್ತಿ, ಉಪ್ಪು ಸಾಕೇ, ಇನ್ನೊಂದು ಹೊದಿಕೆ ಬೇಕೇ ಎಂದು ಕೇಳಿ ಇಳಿಸಿದಳು. ತಪ್ಪಾಯಿತು ಎನ್ನುವ ಸನ್ನೆ ಆಕೆಗೆ ಬರುತ್ತಿತ್ತು. ಮೊದಲ ತಿಂಗಳ ಪಾಠದಲ್ಲೇ ಬಂದಿತ್ತು ಅದು. ಎದೆಯ ಮೇಲೆ ಅಂಗೈಯಿಟ್ಟು ಒಂದು ಸುತ್ತು ಸವರಿದರೆ ಆಯಿತು. ಅಷ್ಟು ಸುಲಭವಾದ ಸನ್ನೆಯಲ್ಲಿ ಆ ಹನ್ನೊಂದನ್ನು ಹೇಗೆ ಹೇಳುವುದೆಂದು ಆಕೆಗೆ ತೋಚಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಬಸ್ಸು. ನಿಲ್ದಾಣದಲ್ಲಿ ಕಳಿಸಲು ಬಂದವರೆಲ್ಲ ಮುಚ್ಚಿದ ಗಾಜಿನಾಚೆಗೆ ಬಾಯಿ ದೊಡ್ಡದು ಮಾಡಿ, "ಆಂ? ಏನಂದೆ?" ಎಂದು ಕೂಗಾಡುತ್ತಿದ್ದರು. ಅವರ ನಡುವೆ ನಿರಾಯಾಸವಾಗಿ ಮಾತಾಡುತ್ತಿದ್ದವರು ಈ ಇಬ್ಬರೇ. ಹನಿ ಮರೆಯಬೇಡ. ಇಲ್ಲ ಮರೆಯಲ್ಲ. ತಲುಪಿದ ಮೇಲೆ ತಿಳಿಸು. ಸರಿ. ಬೇಗ ಬಾ. ನೋಡ್ತೀನಿ. ಪಕ್ಕದಲ್ಲಿ ನಿಂತ ಮುದುಕನೊಬ್ಬ ಅಸೂಯೆಯಿಂದ ನೋಡಿ, "ನಿಮ್ಮದೇ ವಾಸಿ ತಾಯಿ" ಎಂದ.

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಚುಕ್ಕಿ ಗಾಜಿಗೆ ಹತ್ತಿರ ಬಾಗಿ ಮತ್ತೇನೋ ಹೇಳಿದಳು. ಎರಡೂ ಕೈ ಬಳಸಿ, ಸ್ವಲ್ಪ ಉದ್ದದ ಮಾತು. ಅಷ್ಟರಲ್ಲಿ ಗಾಜಿನ ಮೇಲೆ ಬಿಸಿಲು ಹೊಡೆಯಿತು. ಟೈಲರಕ್ಕ ಕಪ್ಪು ಕನ್ನಡಕ ತೆಗೆದು, ಹಣೆಗೆ ಕೈ ಮರೆಮಾಡಿ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದಳು. ಕಂಡದ್ದು ಅಮ್ಮ ಎನ್ನುವ ಸನ್ನೆ, ನಡುವೆ ಏನೋ ಒಂದು, ಆಮೇಲೆ ಮಗಳ ಮೊಣಕೈ. ಬಸ್ಸು ಹೊರಟುಹೋಯಿತು.

ಆಕೆ ನೇರವಾಗಿ ಮನೆಗೆ ಹೋಗಲಿಲ್ಲ. ಪಾಠವಿಲ್ಲದ ದಿನವಾದರೂ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿ, ತಾನು ಕಂಡಷ್ಟನ್ನು ಕೈಯಲ್ಲಿ ಮಾಡಿ ತೋರಿಸಿ, ಇದೇನಿರಬಹುದು ಎಂದು ಕೇಳಿದಳು. ಮೇಷ್ಟ್ರು ಗಡ್ಡ ನೀವಿಕೊಂಡು ಯೋಚಿಸಿದರು. ಶುರು ಹೀಗಿದ್ದರೆ ಮುಗಿಯುವುದು ಹತ್ತು ತರಹ ಇರಬಹುದು. ಮುಖ ಹೇಗಿತ್ತು ಎಂದು ಕೇಳಿದರು. ಮುಖದ ಮೇಲೆ ಬಿಸಿಲಿತ್ತು ಎಂದಳು. ಹಾಗಾದರೆ ಹೇಳಲು ಬರುವುದಿಲ್ಲ ಎಂದು ಅವರು ಕೈ ಚೆಲ್ಲಿದರು. ಒಳಗೆ ಹೋಗಿ ಆಕೆಗೆ ಒಂದು ಲೋಟ ಚಹಾ ತಂದುಕೊಟ್ಟರು.

ರಾತ್ರಿ ಫೋನಿಗೆ ಸಂದೇಶ ಬಂತು. ತಲುಪಿದೆ ಅಮ್ಮ, ಚಿಕ್ಕಮ್ಮನ ಮನೆಯಲ್ಲಿದ್ದೇನೆ, ನಾಳೆ ಕೋಣೆಗೆ. ಟೈಲರಕ್ಕ ಒಂದು ಕಣ್ಣು ಮುಚ್ಚಿಕೊಂಡು ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಬಸ್ಸು ತಿರುಗುವಾಗ ಏನೋ ಹೇಳಿದೆಯಲ್ಲ, ಏನದು?

ಉತ್ತರ ಬರಲು ಸ್ವಲ್ಪ ಹೊತ್ತಾಯಿತು.

"ನೆನಪಿಲ್ಲಮ್ಮ. ಬ್ಯಾಗಿನ ಬಗ್ಗೆ ಇರಬೇಕು."

ಟೈಲರಕ್ಕ ಅದನ್ನು ಎರಡು ಸಲ ಓದಿ ಫೋನನ್ನು ಮೇಜಿನ ಮೇಲಿಟ್ಟಳು. ಹನಿ ಹಾಕುವ ಹೊತ್ತಾಗಿತ್ತು. ಒಬ್ಬಳೇ ಹಾಕಿಕೊಳ್ಳುವುದು ಇನ್ನೂ ಅಭ್ಯಾಸವಾಗಿರಲಿಲ್ಲ. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ರೆಪ್ಪೆಗೆ, ಮೂರನೆಯದು ಕಣ್ಣಿಗೆ.